ಕೋಟೆ ಒಳಗಿನ ಹೆಂಚಿನ ಮನೆ: ಅಡ್ವಾನ್ಸ್ ಕೊಡೋಕೆ ಮುಂಚೆ

ಶ್ರೀರಂಗಪಟ್ಟಣದ ಕೋಟೆ ಒಳಗೆ ಹಳೇ ಹೆಂಚಿನ ಮನೆ ಕಡಿಮೆ ಬೆಲೆಗೆ ಬಂದಿದೆ, ಕೊಂಡು ರಿಪೇರಿ ಮಾಡಿಸಬಹುದಾ ಅಂತ ಕೇಳಿದ್ದೀರಿ. ಕೊಳ್ಳಬಹುದು. ಆದರೆ ಗೋಡೆ ನೋಡುವ ಮೊದಲು ಜಾಗ ನೋಡಿ. ಅಲ್ಲಿ ಪುರಾತತ್ವ ಇಲಾಖೆಯ ಸ್ಮಾರಕಗಳು ಜಾಸ್ತಿ ಅಲ್ವಾ? ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವ ಹಾಗಿಲ್ಲ, ರಿಪೇರಿಗೂ ಅನುಮತಿ ಬೇಕು. ಅದರಾಚೆ ಇನ್ನೂ 200 ಮೀಟರ್‌ವರೆಗೆ ಕಟ್ಟಬಹುದು, ಆದರೆ ಅನುಮತಿ ಪಡೆದೇ. ‘ಕೆಡವಿ ಕಟ್ಕೊಳ್ಳಿ ಸಾರ್, ಯಾರೂ ಕೇಳಲ್ಲ’ ಅನ್ನುವ ಬ್ರೋಕರ್ ಮಾತು ನಂಬಬೇಡಿ.

ಇನ್ನು ಮನೆ. ಒಂದು ಸ್ಕ್ರೂಡ್ರೈವರ್ ತಗೊಂಡು ಹೋಗಿ. ತೊಲೆಯ ತುದಿ ಗೋಡೆಯೊಳಗೆ ಕೂತಿರುತ್ತಲ್ಲ, ಅಲ್ಲಿ ಚುಚ್ಚಿ. ನೀರು ಇಳಿಯುವುದೂ ಗೆದ್ದಲು ಹತ್ತುವುದೂ ಹೆಚ್ಚಾಗಿ ಅಲ್ಲೇ. ಮೇಲೆ ಬಣ್ಣ ಎಷ್ಟೇ ಹೊಳೆಯುತ್ತಿರಲಿ, ಸ್ಕ್ರೂಡ್ರೈವರ್ ಸಲೀಸಾಗಿ ಒಳಗೆ ಹೋದರೆ ಆ ತೊಲೆ ಬದಲಾಯಿಸಲೇಬೇಕು. ಒಡೆದ ಹೆಂಚಿಗೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ಅದು ಸಣ್ಣ ಖರ್ಚು. ಮಣ್ಣಿನ ಗೋಡೆ ಆದರೆ ಸಿಮೆಂಟ್ ಪ್ಲಾಸ್ಟರ್ ಬೇಡವೇ ಬೇಡ. ತೇವ ಒಳಗೇ ಉಳಿದು ಗೋಡೆ ಹಾಳಾಗುತ್ತದೆ. ಸುಣ್ಣದ ಗಾರೆಯನ್ನೇ ಮಾಡಿಸಿ. (ಆ ಕೆಲಸ ಬಲ್ಲ ಮೇಸ್ತ್ರಿ ಸಿಗುವುದೇ ಕಷ್ಟ, ಈಗಲೇ ಹುಡುಕಲು ಶುರು ಮಾಡಿ.)

ಹಳೇ ಮನೆ ಅಂದಮೇಲೆ ಪಾಲುದಾರರು ನಾಲ್ಕಾರು ಜನ ಇರಬಹುದು. ಇಸಿ (ಆಸ್ತಿ ಮೇಲಿನ ಸಾಲ, ಮಾರಾಟದ ವಿವರ ಇರುವ ಋಣಭಾರ ಪತ್ರ), ಇ-ಖಾತೆ (ಆಸ್ತಿ ಯಾರ ಹೆಸರಲ್ಲಿದೆ ಅನ್ನುವ ದಾಖಲೆ), ವಂಶವೃಕ್ಷ ಮೂರನ್ನೂ ವಕೀಲರಿಗೆ ತೋರಿಸಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಹಿಯನ್ನೂ ಕೇಳಿ.