925 ಮುದ್ರೆಯ ಸರದ ನೀಲಿ ಮಣಿ ಬಣ್ಣ ಬಿಡುತ್ತಿದೆ: ಟರ್ಕಾಯ್ಸ್ ಅಸಲಿಯೇ?
ಬೆವರಿಗೆ ನೀಲಿ ಬಣ್ಣ ಕತ್ತಿಗೆ ಅಂಟುತ್ತಿದೆ ಅಂದರೆ ಅದು ಬಹುತೇಕ ಟರ್ಕಾಯ್ಸ್ ಅನ್ನುವ ನೀಲಿ ರತ್ನವಲ್ಲ, ಬಣ್ಣ ಹಾಕಿದ ಹೌಲೈಟ್ ಅಥವಾ ಮ್ಯಾಗ್ನೆಸೈಟ್ ಅನ್ನುವ ಅಗ್ಗದ ಬಿಳಿ ಕಲ್ಲು. ಈ ಎರಡರಲ್ಲಿ ಯಾವುದು ಅಂತ ಮನೆಯಲ್ಲಿ ಹೇಳಲಾಗದು. 925 ಮುದ್ರೆ ಬೆಳ್ಳಿಯ ಮಾತಷ್ಟೇ, ನೂರಕ್ಕೆ 92.5 ಪಾಲು ಬೆಳ್ಳಿ ಅಂತ. ಮಣಿಗೂ ಅದಕ್ಕೂ ಸಂಬಂಧವಿಲ್ಲ.

ಮೊದಲು ಸರದ ಫೋಟೊ ತೆಗೆದಿಡಿ, ವಾಪಸ್ ಮಾಡುವಾಗ ಬೇಕಾಗುತ್ತದೆ. ಆಮೇಲೆ ದಾರ ಹೋಗುವ ತೂತಿನೊಳಗೆ ಭೂತಗನ್ನಡಿ ಹಿಡಿದು ನೋಡಿ. ಒಳಗೆ ಬೆಳ್ಳಗಿದ್ದು ಮೇಲೆ ಮಾತ್ರ ನೀಲಿ ಇದ್ದರೆ, ಅಥವಾ ಬಿರುಕುಗಳಲ್ಲಿ ಬಣ್ಣ ಗಾಢವಾಗಿ ನಿಂತಿದ್ದರೆ, ಬಣ್ಣ ಹಾಕಿದ್ದೇ ಸರಿ. ಇನ್ನೂ ಅನುಮಾನವಿದ್ದರೆ ಹತ್ತಿಗೆ ಚೂರು ಅಸಿಟೋನ್ (ಉಗುರುಬಣ್ಣ ತೆಗೆಯಲು ಬಳಸುವ ದ್ರವ) ಹಚ್ಚಿ, ಹಿಂಬದಿಯ ಒಂದೇ ಮಣಿಯನ್ನು ಒಮ್ಮೆ ಒರೆಸಿ. ಉಜ್ಜುತ್ತಾ ಕೂರಬೇಡಿ, ಅಸಲಿ ಕಲ್ಲಾಗಿದ್ದರೂ ಹೊಳಪಿಗೆ ಹಚ್ಚಿದ ಮೇಲಿನ ಮೇಣ ಹೋಗಿ ಹಾಳಾಗುತ್ತದೆ. ಬಣ್ಣ ಬರಲಿಲ್ಲ ಅಂದ ಮಾತ್ರಕ್ಕೆ ಅಸಲಿ ಅಂತಲೂ ಅಲ್ಲ.

ಕಪ್ಪು ಗೆರೆ ನೋಡಿ ನಂಬಬೇಡಿ, ಹೌಲೈಟಿನಲ್ಲೂ ಅವು ಸಹಜ. ಕೆನ್ನೆಗೆ ತಣ್ಣಗೆ ತಾಗಿದರೆ ಅಸಲಿ ಅನ್ನುವುದು ಪ್ಲಾಸ್ಟಿಕ್ ಹಿಡಿಯಲಷ್ಟೇ ಸಾಕು. ಗಾಜೂ ತಣ್ಣಗೇ ಇರುತ್ತದೆ.

ಬಿಲ್ಲಿನಲ್ಲಿ ‘ಟರ್ಕಾಯ್ಸ್’ ಅಂತ ಬರೆದಿದ್ದರೆ ಅದನ್ನೇ ಹಿಡಿದು ಕೇಳಿ. ಮಾರಿದವರು ಒಪ್ಪದಿದ್ದರೆ ರತ್ನಪರೀಕ್ಷೆಯ ಲ್ಯಾಬಿಗೆ ಕೊಡಿ. ಆದರೆ ಪರೀಕ್ಷೆಯ ಶುಲ್ಕ ಸರದ ಬೆಲೆಗಿಂತ ಹೆಚ್ಚೇನೋ, ಮೊದಲು ವಿಚಾರಿಸಿ.