ವರ್ಡ್ ಫೈಲ್ ತಿದ್ದುವಾಗ ಹಳೆಯದನ್ನು ಉಳಿಸಿಕೊಳ್ಳುವುದು ಹೇಗೆ?

ಹಳೇ ಪತ್ರ ತೆರೆದು ತಿದ್ದಿದರೆ ಮೂಲವೇ ಹೋಗಿಬಿಡುತ್ತದೆ, ಏನು ಮಾಡಲಿ ಅಂತ ಕೇಳಿದ್ದೀರಿ.

ತಿದ್ದುವ ಮೊದಲೇ 'ಸೇವ್ ಆ್ಯಸ್' ಮಾಡಿ, ತಿದ್ದಿದ ಮೇಲಲ್ಲ. ಎಫ್12 ಒತ್ತಿದರೆ ಸಾಕು (ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಜೊತೆಗೆ ಎಫ್‌ಎನ್ ಕೀ ಬೇಕು). ಹೊಸ ಹೆಸರು ಕೊಟ್ಟ ಮೇಲೆ ನೀವು ತಿದ್ದುವುದು ಹೊಸ ಫೈಲನ್ನು. ಹಳೆಯದು ಇದ್ದ ಹಾಗೇ ಇರುತ್ತದೆ. ಮೊದಲು ತಿದ್ದಲು ಕೂತರೆ ಕೈ ಸುಮ್ನೆ ಕಂಟ್ರೋಲ್ ಎಸ್ ಒತ್ತಿ ಹಳೆಯದರ ಮೇಲೇ ಸೇವ್ ಮಾಡಿಬಿಡುತ್ತದೆ, ಅಲ್ವಾ?

ಇನ್ನು ಹೆಸರಿನ ಗೊಂದಲ. ನಾನು ವಿಜಯಪುರದ ಒಂದು ಡಿಟಿಪಿ ಅಂಗಡಿಯಲ್ಲಿದ್ದಾಗ ಒಂದೇ ಲಗ್ನಪತ್ರಿಕೆಗೆ 'ಫೈನಲ್', 'ಫೈನಲ್ 2', 'ಫೈನಲ್ ಹೊಸಾದು' ಅಂತ ಮೂರು ಫೈಲ್ ಮಾಡಿಟ್ಟಿದ್ದೆ. ಅಚ್ಚಿಗೆ ಹೋದದ್ದು ನಡುವಿನದು, ಸೋದರಮಾವನ ಹೆಸರೇ ಇಲ್ಲದ್ದು! ಬೈಸಿಕೊಂಡದ್ದು ಬೇರೆ ಮಾತು. ಈಗ ಕೊನೆಗೆ ತಾರೀಕು ಹಾಕುತ್ತೇನೆ: 'ಲಗ್ನಪತ್ರಿಕೆ 2025-02-09'. ವರ್ಷ ಮೊದಲು, ತಿಂಗಳಿಗೂ ದಿನಕ್ಕೂ ಎರಡೆರಡು ಅಂಕಿ. ಆಗ ಹೆಸರಿನ ಪ್ರಕಾರ ಜೋಡಿಸಿದರೂ ತಾರೀಕಿನ ಸಾಲಿಗೇ ಬರುತ್ತವೆ. ನಡುವೆ ಓರೆಗೆರೆ (/) ಬೇಡ, ವಿಂಡೋಸ್ ಒಪ್ಪುವುದಿಲ್ಲ.

ಬರೀ ಹೆಸರು ಬದಲಿಸಬೇಕಾದರೆ ಫೈಲ್ ಮುಚ್ಚಿ, ಅದರ ಮೇಲೆ ಒಮ್ಮೆ ಕ್ಲಿಕ್ ಮಾಡಿ ಎಫ್2 ಒತ್ತಿ. ಗೂಗಲ್ ಡಾಕ್ಸ್‌ನಲ್ಲಿ ಇಷ್ಟು ತಲೆನೋವಿಲ್ಲ. ಫೈಲ್ ಮೆನುವಿನ 'ವರ್ಷನ್ ಹಿಸ್ಟರಿ'ಯಲ್ಲಿ ಹಳೇ ಪ್ರತಿಗಳು ಸಿಗುತ್ತವೆ, ಬೇಕಾದ್ದಕ್ಕೆ ಹೆಸರನ್ನೂ ಇಡಬಹುದು.