ಅಂಕ ಇರಲಿ, ಮೊದಲು ದುಡ್ಡಿನ ಮಾತು

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಹಾಸನದಲ್ಲಿ ಮೊದಲ ಪಿಯುಸಿ, ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 618, ಅಪ್ಪ ಮೇಷ್ಟ್ರು. ಹಾರ್ವರ್ಡ್, ಎಂಐಟಿ, ಸ್ಟ್ಯಾನ್‌ಫರ್ಡ್ ಮೂರಕ್ಕೂ ಅರ್ಜಿ ಹಾಕಲಾ, ಅಲ್ಲಿ ಬದುಕು ಹೇಗಿರುತ್ತದೆ ಅಂತ ಕೇಳಿದ್ದೀಯ. ನಾನು ಬಾಸ್ಟನ್ ಪಕ್ಕ ಹತ್ತೊಂಬತ್ತು ವರ್ಷದಿಂದ ಇದ್ದೇನೆ.

618 ಒಳ್ಳೆಯ ಅಂಕವೇ. ಆದರೆ ಇಲ್ಲಿಗೆ ಅರ್ಜಿ ಹಾಕುವವರೆಲ್ಲ ಅಂಥವರೇ ಅಲ್ವಾ? ಎಂಐಟಿಯಲ್ಲಿ ಹೊರದೇಶದವರಲ್ಲಿ ನೂರಕ್ಕೆ ಇಬ್ಬರಿಗೆ ಸೀಟು ಸಿಕ್ಕರೆ ಹೆಚ್ಚು.

ದುಡ್ಡಿನ ವಿಷಯ ಸರಿಯಾಗಿ ತಿಳಿದುಕೋ. ವರ್ಷಕ್ಕೆ 80 ಸಾವಿರ ಡಾಲರಿಗೂ ಜಾಸ್ತಿ ಖರ್ಚು. ಅಪ್ಪ ಇದನ್ನು ಕೇಳಿ ಕೈಚೆಲ್ಲಬೇಕಾಗಿಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಡಾರ್ಟ್‌ಮತ್, ಆಮ್‌ಹರ್ಸ್ಟ್, ಇವು ನೀನು ದುಡ್ಡಿನ ಸಹಾಯ ಕೇಳಿದ್ದೀಯಾ ಅಂತ ನೋಡಿ ಆರಿಸುವುದಿಲ್ಲ. ಇದಕ್ಕೆ ನೀಡ್ ಬ್ಲೈಂಡ್ ಅಂತಾರೆ. ಸೀಟು ಕೊಟ್ಟರೆ, ಮನೆಯವರ ಕೈಲಿ ಆಗದಷ್ಟನ್ನು ಅವರೇ ತುಂಬಿಕೊಡುತ್ತಾರೆ. ಸ್ಟ್ಯಾನ್‌ಫರ್ಡ್ ಹಾಗಲ್ಲ. ಅಲ್ಲಿ ಹೊರದೇಶದವರು ಸಹಾಯ ಕೇಳಿದರೆ ಅದೂ ಲೆಕ್ಕಕ್ಕೆ ಬರುತ್ತದೆ. 'ಈಗ ಬೇಡ ಅಂತ ಬರೆ, ಸೇರಿದ ಮೇಲೆ ಕೇಳಿದರಾಯ್ತು' ಅಂತ ಯಾರಾದರೂ ಉಪಾಯ ಹೇಳಿದರೆ ನಂಬಬೇಡ. ಅರ್ಜಿಯಲ್ಲಿ ಕೇಳದಿದ್ದರೆ ಅಲ್ಲಿ ನಾಲ್ಕು ವರ್ಷವೂ ಕೇಳುವ ಹಾಗಿಲ್ಲ. ನನ್ನ ಅಕ್ಕನ ಮಗನಿಗೆ ಒಬ್ಬ ಕನ್ಸಲ್ಟೆಂಟ್ ಇದೇ ಬುದ್ಧಿ ಹೇಳಿ ಎರಡು ಲಕ್ಷ ಇಸ್ಕೊಂಡ. ಸೀಟು ಸಿಗಲಿಲ್ಲ. ಸಿಕ್ಕಿದ್ದರೆ ಇನ್ನೂ ಕಷ್ಟವಾಗುತ್ತಿತ್ತು!

ಈಗಲೇ ಮಾಡಬೇಕಾದ ಒಂದು ಕೆಲಸ ಇದೆ. ಇವರಿಗೆ ಒಂಬತ್ತನೇ ಕ್ಲಾಸಿನಿಂದ ಅಂಕ ಬೇಕು. ನಿನ್ನದು ಹೈಸ್ಕೂಲೇ ಬೇರೆ, ಕಾಲೇಜೇ ಬೇರೆ. ಹಳೇ ಹೆಡ್‌ಮಾಸ್ಟರ್ ವರ್ಗವಾಗುವ ಮೊದಲು ಹೋಗಿ, ಅಂಕಪಟ್ಟಿಗೆ ಸಹಿ, ಸೀಲು ಹಾಕಿಸಿಕೋ. ಲೆಕ್ಚರರ್ ಬರೆಯುವ ಶಿಫಾರಸು ಪತ್ರವೂ ಮುಖ್ಯ. ನಮ್ಮವರು ಸುಮ್ನೆ 'ಶಿಸ್ತಿನ ಹುಡುಗ, ಒಳ್ಳೆಯ ನಡತೆ' ಅಂತ ಎರಡು ಸಾಲು ಬರೆದುಬಿಡುತ್ತಾರೆ. ಅದು ಟಿಸಿ ಜೊತೆ ಕೊಡುವ ನಡತೆ ಪತ್ರದ ಹಾಗಾಗುತ್ತದೆ. ಕ್ಲಾಸಿನಲ್ಲಿ ನೀನು ಕೇಳಿದ ಯಾವುದೋ ಒಂದು ಪ್ರಶ್ನೆ, ಲ್ಯಾಬಿನಲ್ಲಿ ಕೆಟ್ಟುಹೋದದ್ದನ್ನು ಸರಿಮಾಡಿದ್ದು, ಅಂಥದ್ದನ್ನು ಬರೆಯಲು ಕೇಳಿಕೋ. ನಾಚಿಕೊಳ್ಳಬೇಡ.

ಸಿಇಟಿ ಓದು ಮಾತ್ರ ಬಿಡಬೇಡ. ಇಲ್ಲಿನ ಉತ್ತರ ಬಹುಪಾಲು ಬರುವುದು ಮಾರ್ಚ್ ಕೊನೆಗೆ.

ಬದುಕು? ಊಟ ಹೇಗೋ ಹೊಂದುತ್ತದೆ. ನವೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು, ಅದು ನನಗೆ ಇನ್ನೂ ಒಗ್ಗಿಲ್ಲ. ಸೀಟು ಸಿಕ್ಕರೆ ಬೆಂಗಳೂರಲ್ಲಿ ಜಾಕೆಟ್ ಕೊಳ್ಳಬೇಡ, ಇಲ್ಲಿನ ಜನವರಿಗೆ ಸಾಲುವುದಿಲ್ಲ. ನಮ್ಮನೇಲಿ ಎರಡು ಸುಮ್ನೆ ಬಿದ್ದಿವೆ.